ಆವೃತ್ತಿ

‘ಆವೃತ್ತಿ’ ಎಂಬ ಶಬ್ದವನ್ನು ನಾವು ಹೆಚ್ಚಾಗಿ ಕಾಣುವುದು ಪುಸ್ತಕದ ಮೊದಲ ಪುಟಗಳಲ್ಲಿ. ಮತ್ತೆ ಸುತ್ತಿ ಬರುವುದೆಂಬುದು ಅದರ ಮೂಲಾರ್ಥ. ಹಾಗಾದರೆ ಎಷ್ಟು ಸಲ ಸುತ್ತಬೇಕು?

ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯವು ಈ ಶಬ್ದದಿಂದಲೇ ಆರಂಭವಾಗುತ್ತದೆ. ಶ್ರವಣ ಮನನಾದಿಗಳನ್ನು ಒಮ್ಮೆ ಮಾಡಿದರೆ ಸಾಕೋ, ಮತ್ತೆ ಮತ್ತೆ ಮಾಡಬೇಕೋ ಎಂಬುದು ಅಲ್ಲಿಯ ವಿಚಾರ. ಶಂಕರರು ಭತ್ತ ಕುಟ್ಟುವ ದೃಷ್ಟಾಂತವನ್ನು ಕೊಡುತ್ತಾರೆ: ಅಕ್ಕಿ ಕಾಣುವವರೆಗೆ ಕುಟ್ಟಬೇಕು. ಒನಕೆಯ ಪೆಟ್ಟಿಗೆ ಎಣಿಕೆಯಿಲ್ಲ. ಫಲವೇ ಅದರ ಅಳತೆ. ಅನಂತರವೂ ಕುಟ್ಟಿದರೆ ದೊರೆಯುವುದು ನುಚ್ಚು.

ಗಣಿತವು ಇನ್ನೊಂದು ಮಾತನ್ನು ಸೇರಿಸುತ್ತದೆ. ೨ರ ವರ್ಗಮೂಲವನ್ನು ೩/೨ ಎಂದು ಊಹಿಸೋಣ. ಅದರಿಂದ ೨ನ್ನು ಭಾಗಿಸಿದರೆ ೪/೩. ಎರಡರ ಸರಾಸರಿ ೧೭/೧೨. ಮೊದಲ ಊಹೆಯ ವರ್ಗವು ೨ಕ್ಕಿಂತ ೧/೪ರಷ್ಟು ಹೆಚ್ಚು. ಎರಡನೆಯದರದು ೧/೧೪೪ರಷ್ಟು ಮಾತ್ರ. ಕ್ರಿಯೆ ಅದೇ, ಆದರೆ ಪ್ರತಿಯೊಂದು ಸುತ್ತೂ ಹಿಂದಿನ ಸುತ್ತು ಕೊಟ್ಟದ್ದನ್ನು ಎತ್ತಿಕೊಂಡು ಹೊರಡುತ್ತದೆ.

ಕಾಗುಣಿತ ತಪ್ಪಿದ ಬಾಲಕನಿಗೆ ಆ ಶಬ್ದವನ್ನು ನೂರು ಸಲ ಬರೆಯಲು ಹೇಳುವುದುಂಟು. ಹತ್ತು ಸಲವಾದ ಮೇಲೆ ಬರೆಯುವುದು ಕೈ ಮಾತ್ರ. ಮನಸ್ಸು ಹೊರಗೆ ಹೋಗಿರುತ್ತದೆ. ಬಾಲಕನ ಹೊತ್ತು ಅವನದು. ಫಲವಿಲ್ಲದ ಎಣಿಕೆಗೆ ಅದನ್ನು ವೆಚ್ಚಮಾಡಿಸುವ ಅಧಿಕಾರ ನಮಗುಂಟೇ?

ಹಾಗೆಂದು ಆವೃತ್ತಿಯನ್ನೇ ಬಿಡಲಾಗದು. ಬೀದಿಯಲ್ಲಿ ಬೇರೆ ನುಡಿಯನ್ನೇ ಕೇಳುವ ಗಡಿನಾಡಿನ ಮಕ್ಕಳಿಗೆ ಕನ್ನಡದ ಆವೃತ್ತಿ ಇತರರಿಗಿಂತ ಹೆಚ್ಚು ಬೇಕು. ಆ ಶಬ್ದವನ್ನೇ ಇಂದು ಒಂದು ವಾಕ್ಯದಲ್ಲಿ, ನಾಳೆ ಒಂದು ಕಥೆಯಲ್ಲಿ, ನಾಡಿದ್ದು ಮನೆಗೆ ಬರೆಯುವ ಪತ್ರದಲ್ಲಿ ಬಳಸಲಿ. ನಾವು ಎಣಿಸುವುದನ್ನು ಬಿಟ್ಟು, ಅಕ್ಕಿ ಬಂದಿತೇ ಎಂದು ಮೊರದಲ್ಲಿ ನೋಡೋಣ.