ಬಣ್ಣ ತಿದ್ದಿದರೆ ಸುಳ್ಳೇ?

ಮದುವೆಯ ವೀಡಿಯೊದ ಬಣ್ಣವನ್ನು ಕಂಪ್ಯೂಟರಿನಲ್ಲಿ ಬದಲಾಯಿಸುವುದು ಸುಳ್ಳು ಹೇಳಿದಂತಾಗುತ್ತದೆಯೇ? ಮೇಲ್ನೋಟಕ್ಕೆ ಇದು ಹಗುರವಾದ ಪ್ರಶ್ನೆ. ಆದರೆ ಪ್ರಿಯ ಓದುಗರೇ, ಇಂದು ಅನೇಕ ಮನೆಗಳಲ್ಲಿ ಮದುವೆಯ ನೆನಪು ಉಳಿಯುವುದೇ ಆ ವೀಡಿಯೊದಲ್ಲಿ. ಚಿತ್ರೀಕರಣ ಮುಗಿದ ಮೇಲೆ ‘ಪ್ರೀಸೆಟ್’ ಎಂಬ ಸಿದ್ಧ ಬಣ್ಣದ ಅಚ್ಚನ್ನು ಅದರ ಮೇಲೆ ಹಾಕುತ್ತಾರೆ. ಒಂದು ಗುಂಡಿ ಒತ್ತಿದರೆ ಸಾಕು, ನಮ್ಮೂರಿನ ದೇವಾಲಯ ಸಿನಿಮಾದ ದೃಶ್ಯದಂತಾಗುತ್ತದೆ.

ತಿದ್ದದ ಚಿತ್ರವೇ ಸತ್ಯ, ತಿದ್ದಿದ್ದು ಸುಳ್ಳು ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ದೇವಾಲಯದೊಳಗೆ ಪೀಠದ ಮೇಲೆ ಮೇಣದಬತ್ತಿ, ಗೋಡೆಯಲ್ಲಿ ಟ್ಯೂಬ್‌ಲೈಟು, ಕಿಟಕಿಯಿಂದ ಹಗಲಿನ ಬೆಳಕು. ನಮ್ಮ ಕಣ್ಣು ಇವೆಲ್ಲಕ್ಕೂ ಹೊಂದಿಕೊಂಡು ವಧುವಿನ ಬಿಳಿ ಉಡುಪನ್ನು ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಆ ವಿವೇಕವಿಲ್ಲ. ಅದೇ ಉಡುಪನ್ನು ಅದು ಮೇಣದಬತ್ತಿಯ ಬಳಿ ಹಳದಿಯಾಗಿ, ಟ್ಯೂಬ್‌ಲೈಟಿನ ಕೆಳಗೆ ಹಸಿರು ಛಾಯೆಯಲ್ಲಿ ಹಿಡಿಯಬಹುದು. ‘ಲಾಗ್’ ಎಂಬ ವಿಧಾನದಲ್ಲಿ ತೆಗೆದರಂತೂ ಚಿತ್ರವೆಲ್ಲ ಬೂದಿ ಬಳಿದಂತೆ ಮಂಕಾಗಿರುತ್ತದೆ. ಬಿಳಿ ಉಡುಪಿನ ನೆರಿಗೆ, ವರನ ಕಪ್ಪು ಕೋಟಿನ ಮಡಿಕೆ ಎರಡೂ ಉಳಿಯಲೆಂದೇ ಹಾಗೆ ತೆಗೆಯುತ್ತಾರೆ. ಇದನ್ನು ತಿದ್ದಿ ಕಣ್ಣು ಕಂಡದ್ದಕ್ಕೆ ಹತ್ತಿರ ತರುವುದು ಸತ್ಯಕ್ಕೆ ಮಾಡುವ ಸೇವೆಯೇ.

13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ, ಸ್ತ್ರೀಯರು ಮುಖಕ್ಕೆ ಬಣ್ಣ ಬಳಿದುಕೊಳ್ಳುವುದು ಪಾಪವೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. (ಅಂಥ ಮಹಾಗ್ರಂಥದಲ್ಲಿ ಇದಕ್ಕೂ ಜಾಗವಿದೆ!) ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದೆ ಸಂತ ಸಿಪ್ರಿಯಾನರು ಅದನ್ನು ದೇವರ ಕೈಕೆಲಸವನ್ನೇ ತಿದ್ದುವ ಉದ್ಧಟತನವೆಂದು ಖಂಡಿಸಿದ್ದರು. ತೋಮಸರು ಅದರಲ್ಲಿ ಒಂದು ಬಗೆಯ ಹುಸಿ ಇದೆ ಎಂದು ಒಪ್ಪುತ್ತಾರೆ, ಆದರೆ ಅದು ಯಾವಾಗಲೂ ಮಾರಕ ಪಾಪವಲ್ಲ ಎನ್ನುತ್ತಾರೆ. ಮುಂದುವರಿದು, ಇಲ್ಲದ ಸೌಂದರ್ಯವನ್ನು ಇದೆಯೆಂದು ತೋರಿಸುವುದು ಬೇರೆ, ರೋಗದಂಥ ಕಾರಣದಿಂದ ಬಂದ ಕುಂದನ್ನು ಮರೆಮಾಡುವುದು ಬೇರೆ ಎಂದು ವಿಂಗಡಿಸುತ್ತಾರೆ. ಎರಡನೆಯದಕ್ಕೆ ಅವರ ಒಪ್ಪಿಗೆಯಿದೆ. ಟ್ಯೂಬ್‌ಲೈಟಿನ ಹಸಿರು ಚಿತ್ರಕ್ಕೆ ಅಂಟಿದ ರೋಗ. ಅದನ್ನು ವಾಸಿಮಾಡಲು ಯಾರ ಅಡ್ಡಿಯೂ ಇಲ್ಲ.

ಕಥಾಚಿತ್ರಗಳ ವಿಷಯ ಇನ್ನೂ ಸುಲಭ. 2000ದಲ್ಲಿ ಬಂದ ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕಾಗಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರು ಮಿಸಿಸಿಪಿಯ ಹಚ್ಚಹಸಿರನ್ನು ಕಂಪ್ಯೂಟರಿನಲ್ಲಿ ಒಣಹುಲ್ಲಿನ ಹಳದಿಯಾಗಿಸಿದರು. ನೋಡುವವರಿಗೆ ಅದು ಕಥೆಯೆಂದು ಗೊತ್ತು. ಸಂತ ಅಗಸ್ಟೀನರು ಹೇಳುವಂತೆ, ವಂಚಿಸುವ ಇಚ್ಛೆಯಿಲ್ಲದಲ್ಲಿ ಸುಳ್ಳೂ ಇಲ್ಲ.

ಆದರೆ ಮನೆಭೇಟಿಗೆ ಹೋಗಿದ್ದಾಗ ಒಮ್ಮೆ ನನಗೆ ಮದುವೆಯ ವೀಡಿಯೊ ಒಂದನ್ನು ತೋರಿಸಿದರು. ವಧುವಿನ ಮುಖ ಹಾಲಿನಂತೆ ಬೆಳ್ಳಗಿತ್ತು. ಹೂಗುಚ್ಛ ಹಿಡಿದ ಕೈಗಳು ಮಾತ್ರ ಆಕೆಯವೇ ಆದ ಎಣ್ಣೆಗಪ್ಪು. “ನೋಡಿ ಫಾದರ್, ಎಷ್ಟು ಚೆನ್ನಾಗಿ ಬಂದಿದ್ದಾಳೆ!” ಎಂದರು ಮನೆಯ ಹಿರಿಯರು. ಆ ಮಗಳು ಏನೂ ಹೇಳದೆ ಕಾಫಿ ಮಾಡಲು ಎದ್ದು ಹೋದಳು.

ಇಲ್ಲಿ ಮೋಸಹೋದವರು ಯಾರು? ಯಾರೂ ಇಲ್ಲ. ಆಕೆ ಹೇಗಿದ್ದಾಳೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅಗಸ್ಟೀನರ ಅಳತೆಗೋಲಿನಲ್ಲಿ ಅದು ಸುಳ್ಳೇ ಅಲ್ಲ ಎನ್ನಬಹುದು. ಆದರೂ ಅಲ್ಲೊಂದು ಅನ್ಯಾಯ ನಡೆದಿತ್ತು. ರೋಗವಿದ್ದಲ್ಲಿ ಮಾಡಬೇಕಾದ ಚಿಕಿತ್ಸೆಯನ್ನು ರೋಗವಿಲ್ಲದ ಮುಖಕ್ಕೆ ಮಾಡಿದ್ದರು. ನಿನ್ನ ಬಣ್ಣವೇ ಒಂದು ಕುಂದು ಎಂದು, ಆಕೆಯ ಮದುವೆಯ ದಿನದ ಮೇಲೆಯೇ ಬರೆದುಕೊಟ್ಟಿದ್ದರು. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎನ್ನುವ ನಮ್ಮ ಮಾತಿನ ಆ ‘ದರೂ’ ಇದೆಯಲ್ಲ, ಅದೇ ಈಗ ಯಂತ್ರದೊಳಗೆ ಸೇರಿಕೊಂಡಿದೆ.

ಪ್ರೀಸೆಟ್ಟಿಗೆ ಮುಖ ಕಾಣುವುದಿಲ್ಲ. ಅನೇಕ ಪ್ರೀಸೆಟ್ಟುಗಳು ಕೇವಲ ಒಂದು ಕೋಷ್ಟಕ: ಕೆಂಪು, ಹಸಿರು, ನೀಲಿ ಮೂರಕ್ಕೂ 33 ಮೆಟ್ಟಿಲುಗಳಂತೆ ಒಟ್ಟು 35,937 ಬಿಂದುಗಳು, ಈ ಬಣ್ಣ ಬಂದರೆ ಆ ಬಣ್ಣ ಕೊಡು ಎಂಬ ಆಜ್ಞೆ, ಅಷ್ಟೇ. ಎಲ್ಲೋ ಇರುವ ಒಬ್ಬನು ತನ್ನ ಮುಂದಿದ್ದ ಮುಖಕ್ಕೂ ಬೆಳಕಿಗೂ ತಕ್ಕಂತೆ ಅದನ್ನು ರಚಿಸಿರುತ್ತಾನೆ. ಇದು ಹಳೆಯ ಕಥೆಯೇ. ಕೊಡಾಕ್ ಕಂಪನಿ ಫಿಲ್ಮ್ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಮುಖ. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಎಂದರ್ಥ! ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ದೂರಿದ ಮೇಲೆ ಫಿಲ್ಮನ್ನು ಸುಧಾರಿಸಿದ್ದಾಗಿ ಕಂಪನಿಯಲ್ಲಿದ್ದವರೇ ನೆನಪಿಸಿಕೊಂಡಿದ್ದಾರೆ. ಕಪ್ಪು ತಾಯಂದಿರ ದೂರಿಗಿಂತ ಚಾಕೊಲೇಟಿನ ದೂರಿಗೆ ಬೆಲೆ ಹೆಚ್ಚಾಗಿತ್ತು.

ಆದರೆ ಬಣ್ಣ ತಿದ್ದುವವರ ಬಳಿ ‘ವೆಕ್ಟರ್‌ಸ್ಕೋಪ್’ ಎಂಬ ಅಳತೆಯ ಸಾಧನವೂ ಇದೆ. ಅದರಲ್ಲಿ ಚರ್ಮದ ಬಣ್ಣಕ್ಕೆಂದೇ ಒಂದು ಗೆರೆ. ಬಿಳಿಯರಿರಲಿ, ಆಫ್ರಿಕದವರಿರಲಿ, ನಾವಿರಲಿ, ಎಲ್ಲರ ಚರ್ಮವೂ ಹೆಚ್ಚುಕಡಿಮೆ ಆ ಒಂದೇ ಗೆರೆಯ ಬಳಿ ಬೀಳುತ್ತದೆ. ಚರ್ಮದ ಕೆಳಗೆ ಹರಿಯುವ ರಕ್ತವೂ ಇದಕ್ಕೊಂದು ಕಾರಣ. ದಟ್ಟತೆ, ಕಾಂತಿ ಬೇರೆಬೇರೆ. ವರ್ಣದ ಮೂಲ ಒಂದೇ.

ವಧುವೇ “ನನ್ನನ್ನು ಬೆಳ್ಳಗೆ ಮಾಡಿ” ಎಂದು ಕೇಳಿದರೆ? ಆಕೆಯನ್ನು ದೂರಲು ನನಗೆ ಮನಸ್ಸಿಲ್ಲ. ‘ಬೆಳ್ಳಗಿನ ಕನ್ಯೆ ಬೇಕು’ ಎಂದು ಜಾಹೀರಾತು ಕೊಟ್ಟವರು ನಾವು. ವೀಡಿಯೊದವರಿಗೂ ಇದು ಹೊಟ್ಟೆಪಾಡು. ಅವರಲ್ಲಿ ನನ್ನ ವಿನಂತಿ ಇಷ್ಟೇ: ಪ್ರೀಸೆಟ್ ಬಳಸಿ, ಆದರೆ ಮೊದಲು ಬೆಳಕಿನ ದೋಷವನ್ನಷ್ಟೇ ತಿದ್ದಿ. ಅಚ್ಚಿನ ತೀವ್ರತೆಯನ್ನು ಅರ್ಧಕ್ಕೆ ಇಳಿಸಿ, ಮುಖವನ್ನು ಕೈಗಳೊಡನೆ ಹೋಲಿಸಿ ನೋಡಿ. ಕೊನೆಯ ಪ್ರತಿ ಸಿದ್ಧವಾಗುವ ಮುನ್ನ ಒಂದೆರಡು ನಿಮಿಷದ ತುಣುಕನ್ನು ಎರಡೂ ರೀತಿಯಲ್ಲಿ ಮಾಡಿ, ಮನೆಯವರಿಗಲ್ಲ, ಆ ಹುಡುಗಿಗೇ ಮೊದಲು ತೋರಿಸಿ.