ಅಧಿಕಾರವೂ ವೀಣೆಯೂ

ಆಳುವವನು ವಾದ್ಯವನ್ನು ನುಡಿಸಬಹುದೇ? ನುಡಿಸಿದರೆ ಅದು ಅವನ ಧರ್ಮಕ್ಕೆ ಭೂಷಣವೋ, ದೂಷಣವೋ? ಈ ಪ್ರಶ್ನೆಯು ಇಂದಿನದಲ್ಲ. ಧರ್ಮಶಾಸ್ತ್ರಗಳೇ ಇದಕ್ಕೆ ಒಂದಕ್ಕೊಂದು ಎದುರಾದಂತೆ ತೋರುವ ಎರಡು ಉತ್ತರಗಳನ್ನು ಕೊಟ್ಟಿವೆ. ಮನುಸ್ಮೃತಿಯ ಏಳನೆಯ ಅಧ್ಯಾಯವು ರಾಜಧರ್ಮವನ್ನು ನಿರೂಪಿಸುತ್ತ, ಕಾಮದಿಂದ ಹುಟ್ಟುವ ವ್ಯಸನಗಳನ್ನು ಎಣಿಸುವಾಗ ಬೇಟೆ, ಜೂಜು, ಹಗಲುನಿದ್ರೆ, ಮದ್ಯಪಾನಗಳ ಸಾಲಿನಲ್ಲಿಯೇ ತೌರ್ಯತ್ರಿಕವನ್ನೂ, ಎಂದರೆ ನೃತ್ಯ ಗೀತ ವಾದ್ಯಗಳನ್ನೂ, ಸೇರಿಸಿದೆ. ಯಾಜ್ಞವಲ್ಕ್ಯಸ್ಮೃತಿಯ ಮೂರನೆಯ ಅಧ್ಯಾಯವಾದರೋ ವೀಣೆಯ ಮರ್ಮವನ್ನು ಅರಿತವನಿಗೆ ಮುಕ್ತಿಯ ಹಾದಿಯೇ ಸುಗಮವಾಗುವದೆಂದು ಅಭಿಪ್ರಾಯಪಡುತ್ತದೆ. ಒಂದು ಸ್ಮೃತಿಗೆ ಅರಸನನ್ನು ಕೆಡಿಸುವ ಚಟವಾಗಿ ಕಂಡದ್ದು ಇನ್ನೊಂದು ಸ್ಮೃತಿಗೆ ಮೋಕ್ಷದ ಸೋಪಾನವಾಗಿ ಕಂಡಿದೆ. ಎರಡೂ ಋಷಿವಾಕ್ಯಗಳೇ. ಇವುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯುವದು ಸುಲಭ. ಎರಡಕ್ಕೂ ಇಂಬುಕೊಡುವ ಅರ್ಥವನ್ನು ಹುಡುಕುವದೇ ವಿವೇಕ.

ಈ ವಿಚಾರವು ಯಾದಗಿರಿ, ಶಹಾಪುರ, ಸುರಪುರಗಳ ವಾಚಕರಿಗೆ ದೂರದ್ದೇನೂ ಅಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಜಗತ್ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದೇ ಕಲ್ಯಾಣದ ನಾಡಿನವನು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅಣ್ಣತಮ್ಮಂದಿರ ಆಸ್ತಿಯ ಪಾಲನ್ನು ನಿರ್ಣಯಿಸುವದಕ್ಕಾಗಿ ನ್ಯಾಯಾಲಯಗಳು ಯಾವ ಗ್ರಂಥವನ್ನು ಪ್ರಮಾಣವಾಗಿ ಹಿಡಿದವೋ, ಆ ಗ್ರಂಥದೊಳಗೇ ವೀಣೆಯೂ ಸ್ಥಾನ ಪಡೆದಿರುವದು ಸ್ವಾರಸ್ಯದ ಸಂಗತಿ. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ಮಾನಸೋಲ್ಲಾಸವನ್ನು ರಚಿಸಿದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಗ್ರಂಥದಲ್ಲಿ ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆ, ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಬಗೆ, ಮೂರನೆಯದು ಉಪಭೋಗ. ಗೀತವಿನೋದ, ವಾದ್ಯವಿನೋದಗಳು ಬರುವದು ನಾಲ್ಕನೆಯದರಲ್ಲಿ. ಆ ಕ್ರಮವೇ ಒಂದು ಉಪದೇಶ. ಅರಸನಿಗೆ ಸಂಗೀತ ಬೇಡವೆಂದು ಸೋಮೇಶ್ವರನು ಹೇಳಲಿಲ್ಲ. ರಾಜ್ಯವು ನೆಲೆಗೊಂಡ ತರುವಾಯ ಅದಕ್ಕೆ ಜಾಗವನ್ನು ಕೊಟ್ಟನು.

ಆದರೆ ಕ್ರಮವೊಂದರಿಂದಲೇ ತೊಡಕು ಬಿಡುವದಿಲ್ಲ. ಮನುವು ಕಂಡ ಅರಸನನ್ನು ಸ್ವಲ್ಪ ಭಾವಿಸಿ ನೋಡಬೇಕು. ಅವನು ಮೆತ್ತೆಯ ಮೇಲೆ ಒರಗಿದ್ದಾನೆ. ಹಾಡುವವರು, ಬಾರಿಸುವವರು, ಕುಣಿಯುವವರು ಅವನ ಸುಖಕ್ಕಾಗಿ ದಣಿಯುತ್ತಿದ್ದಾರೆ. ಬಾಗಿಲಲ್ಲಿ ಅಹವಾಲು ಹೊತ್ತ ಪ್ರಜೆಯು ನಿಂತೇ ಇದ್ದಾನೆ. ಯಾಜ್ಞವಲ್ಕ್ಯನು ಕಂಡವನೋ ತಾನೇ ವೀಣೆಯನ್ನು ಮಡಿಲಲ್ಲಿಟ್ಟುಕೊಂಡು, ಶ್ರುತಿ ಸೇರಿತೇ ಇಲ್ಲವೇ ಎಂದು ಕಿವಿಗೊಟ್ಟು ಕುಳಿತವನು. ಮೊದಲನೆಯವನಲ್ಲಿ ಸಂಗೀತವು ಭೋಗ. ಎರಡನೆಯವನಲ್ಲಿ ಅದು ಅಭ್ಯಾಸ. ಭೋಗಿಯು ಇತರರ ಶ್ರಮವನ್ನು ಉಣ್ಣುತ್ತಾನೆ. ಅಭ್ಯಾಸಿಯು ತನ್ನ ಶ್ರಮವನ್ನು ತೆರುತ್ತಾನೆ. ಆದಕಾರಣ ಎರಡು ಸ್ಮೃತಿಗಳ ವಿರೋಧವು ವಸ್ತುವಿನ ವಿರೋಧವಲ್ಲ, ಕುಳಿತುಕೊಳ್ಳುವ ರೀತಿಯ ವಿರೋಧ.

ಇದಕ್ಕೆ ಸಮೀಪಕಾಲದ ಉದಾಹರಣೆಯು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರದು. ೧೯೧೯ರಲ್ಲಿ ಜನಿಸಿ ೧೯೪೦ರಲ್ಲಿ ಪಟ್ಟವನ್ನೇರಿದ ಈ ಮಹಾರಾಜರು ಮೊದಲು ಒಲಿದದ್ದು ಪಾಶ್ಚಾತ್ಯ ಸಂಗೀತಕ್ಕೆ. ಅವರ ವಾದ್ಯ ಪಿಯಾನೊ. ರಷ್ಯಾ ದೇಶದ ವಾಗ್ಗೇಯಕಾರನಾದ ಮೆಟ್ನರನು ವೃದ್ಧಾಪ್ಯದಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಅವನ ಕೃತಿಗಳು ಧ್ವನಿಮುದ್ರಿಕೆಯಾಗಿ ಉಳಿದದ್ದು ಇವರ ಧನಸಹಾಯದಿಂದ. ಹೀಗೆ ಒಂದು ಸಂಗೀತದಲ್ಲಿ ರಸಜ್ಞರೆನಿಸಿಕೊಂಡ ಮೇಲೆ, ೧೯೪೦ರ ದಶಕದಲ್ಲಿ ಅವರ ಮನಸ್ಸು ಕರ್ನಾಟಕ ಸಂಗೀತದ ಕಡೆಗೆ ತಿರುಗಿತು. ವೀಣೆಯನ್ನು ವಿದ್ವಾನ್ ವೆಂಕಟಗಿರಿಯಪ್ಪನವರಲ್ಲಿಯೂ, ಶಾಸ್ತ್ರದ ಸೂಕ್ಷ್ಮಗಳನ್ನು ೧೮೬೫ರಲ್ಲಿ ಜನಿಸಿದ್ದ ವಯೋವೃದ್ಧರಾದ ಮೈಸೂರು ವಾಸುದೇವಾಚಾರ್ಯರಲ್ಲಿಯೂ ಅವರು ಕಲಿತರು. ಅನಂತರ ಸಂಸ್ಕೃತದಲ್ಲಿ ರಚಿಸಿದ ೯೪ ಕೃತಿಗಳು ಶ್ರೀವಿದ್ಯಾ ಎಂಬ ಅಂಕಿತದಿಂದ ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತವೆ.

ಇಲ್ಲಿ ಕೃತಿಗಳ ಸಂಖ್ಯೆಗಿಂತ ಹೆಚ್ಚು ವಿಚಾರಣೀಯವಾದದ್ದು ಪಾಠದ ಸನ್ನಿವೇಶ. ಗುರುಗಳು ಆಸ್ಥಾನದ ಸಂಬಳವನ್ನು ಪಡೆಯುವ ಪ್ರಜೆಗಳು. ಶಿಷ್ಯನು ಅವರ ಪ್ರಭು. ಅರಮನೆಯಲ್ಲಿ ಪ್ರಭುವಿನ ಮಾತಿಗೆ ಎಲ್ಲರೂ ಹೌದೆನ್ನುವರು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳಾದರೋ ಹೌದೆನ್ನುವದಿಲ್ಲ. ಬೆರಳು ಒಂದು ಕೂದಲೆಳೆಯಷ್ಟು ಹೆಚ್ಚು ಎಳೆದರೂ ಗಮಕವು ಕೆಡುವದು. ಕೆಟ್ಟದ್ದನ್ನು ಯಾವ ಆಜ್ಞಾಪತ್ರವೂ ಸರಿಪಡಿಸಲಾರದು. ತಂತಿಗೆ ಬಿರುದು ತಿಳಿಯದು. ಅಧಿಕಾರವು ಬೆಳೆದಷ್ಟೂ ಮನುಷ್ಯನಿಗೆ 'ಇದು ತಪ್ಪು' ಎಂದು ಹೇಳುವವರು ಕಡಿಮೆಯಾಗುತ್ತ ಹೋಗುವದು ಲೋಕಸ್ವಭಾವ. ಹಾಗೆ ಹೇಳುವವರು ಉಳಿಯದ ಮನೆಯಲ್ಲಿ ಒಂದು ವಾದ್ಯವಾದರೂ ಇದ್ದರೆ, ಆ ಮಾತನ್ನು ದಿನಕ್ಕೊಮ್ಮೆ ಕೇಳುವ ಭಾಗ್ಯವು ಯಜಮಾನನಿಗೆ ಉಳಿಯುತ್ತದೆ.

ಪ್ರೌಢವಯಸ್ಸಿನಲ್ಲಿ ಕಲಿಯುವವನ ಕಷ್ಟವು ಬಾಲಕನ ಕಷ್ಟಕ್ಕಿಂತ ಬೇರೆ. ಸರಳೆ ವರಸೆಯನ್ನು ನೂರು ಸಲ ಬಾರಿಸಿದರೂ ಬಾಲಕನಿಗೆ ಬೇಸರ ಬರಬಹುದೇ ಹೊರತು ನಾಚಿಕೆ ಬಾರದು. ಕೆಟ್ಟದ್ದು ಎಷ್ಟು ಕೆಟ್ಟದ್ದೆಂಬದು ಅವನಿಗೆ ತಿಳಿಯದು. ಪ್ರೌಢನ ಕಿವಿಯಾದರೋ ನಾಲ್ವತ್ತು ವರುಷ ಒಳ್ಳೆಯ ಸಂಗೀತವನ್ನು ಕೇಳಿ ಪಳಗಿದೆ. ಕಿವಿಗೆ ನಾಲ್ವತ್ತು ವರುಷ, ಬೆರಳಿಗೆ ನಾಲ್ಕು ದಿನ. ತನ್ನ ಬೆರಳಿನಿಂದ ಹೊರಡುವ ಧ್ವನಿಯನ್ನು ತನ್ನ ಕಿವಿಯೇ ಸಹಿಸದ ಈ ಸಂಕಟದಲ್ಲಿ ಅನೇಕರು ಮೂರನೆಯ ತಿಂಗಳಿಗೆ ಹಾರ್ಮೋನಿಯಮ್ಮಿನ ಮೇಲೆ ಬಟ್ಟೆ ಹೊದಿಸಿಬಿಡುತ್ತಾರೆ. ಬೆರಳಿನ ಬಿಗುಪು ಅವರನ್ನು ಸೋಲಿಸಿತೆಂದು ಜನರು ತಿಳಿಯುವರು. ನಿಜವಾಗಿ ಸೋಲಿಸಿದ್ದು ಮಾನ. ಇಷ್ಟು ವರುಷ ಊರಿನಲ್ಲಿ ದೊಡ್ಡವನೆನಿಸಿಕೊಂಡು, ಈಗ ಮೊಮ್ಮಗಳ ವಯಸ್ಸಿನ ಹುಡುಗಿಯ ಪಕ್ಕದಲ್ಲಿ ಕುಳಿತು, ಅವಳಿಗಿಂತ ಕೆಟ್ಟದಾಗಿ ನುಡಿಸುವದನ್ನು ಸಹಿಸಬೇಕಲ್ಲ ಎಂಬದೇ ಆ ಭಾರ.

ಗ್ರೀಸ್ ದೇಶದ ಸಾಕ್ರೆಟಿಸನು ಮುಪ್ಪಿನಲ್ಲಿ ಕೊನ್ನಸನೆಂಬ ಗುರುವಿನಲ್ಲಿ ತಂತೀವಾದ್ಯವನ್ನು ಕಲಿಯಹೋದ ಸಂಗತಿಯನ್ನು ಪ್ಲೇಟೋವಿನ ಸಂವಾದವೊಂದು ತಿಳಿಸುತ್ತದೆ. ಜೊತೆಗೆ ಕಲಿಯುತ್ತಿದ್ದ ಹುಡುಗರು ಆ ಮುದುಕನನ್ನು ನೋಡಿ ನಕ್ಕರು. ಅವನಿಗೆ ಕಲಿಸುವ ಗುರುವಿಗೆ ಮುದುಕರ ಉಪಾಧ್ಯಾಯನೆಂದು ಅಡ್ಡಹೆಸರಿಟ್ಟರು. ಸಾಕ್ರೆಟಿಸನು ತನಗಾದ ನಗೆಪಾಟಲಿಗಿಂತ ಗುರುವಿಗಾಗುವ ಅಪಹಾಸ್ಯವನ್ನೇ ಹೆಚ್ಚಾಗಿ ಎಣಿಸಿದನು. ಜ್ಞಾನಿಗಳಲ್ಲಿ ಮೊದಲಿಗನೆಂದು ಲೋಕವು ಎಣಿಸಿದವನು ಹುಡುಗರ ನಗೆಯ ನಡುವೆಯೂ ಹಲಗೆಯ ಮೇಲೆ ಕುಳಿತಿದ್ದನೆಂಬದೇ ಇದರಲ್ಲಿ ನೆನಪಿಡತಕ್ಕದ್ದು.

ಇದಕ್ಕೆ ವಿರುದ್ಧವಾದ ಚಿತ್ರವೂ ಇತಿಹಾಸದಲ್ಲಿದೆ. ರೋಮಿನ ಚಕ್ರವರ್ತಿಯಾದ ನೀರೋ ಸಹ ಕಷ್ಟಪಟ್ಟು ಅಭ್ಯಾಸ ಮಾಡಿದವನೇ. ಕ್ರಿ. ಶ. ೬೭ರಲ್ಲಿ ಅವನು ಗ್ರೀಸಿನ ಸ್ಪರ್ಧೆಗಳಲ್ಲಿ ಹಾಡಿ ಬಾರಿಸಿ ಬಹುಮಾನಗಳನ್ನು ಹೊತ್ತು ತಂದನು. ಅವನು ಹಾಡುತ್ತಿರುವಾಗ ಸಭೆಯಿಂದ ಎದ್ದುಹೋಗುವದಕ್ಕೆ ಯಾರಿಗೂ ಅಪ್ಪಣೆಯಿರಲಿಲ್ಲವೆಂದು ಚರಿತ್ರಕಾರನು ಬರೆದಿದ್ದಾನೆ. ಚಕ್ರವರ್ತಿಗೆ ಎದುರಾಗಿ ತೀರ್ಪು ಕೊಡುವ ಎದೆ ಯಾರಿಗೆ? ಅಲ್ಲಿ ವಾದ್ಯವು ಅಧಿಕಾರವನ್ನು ತಿದ್ದಲಿಲ್ಲ; ಅಧಿಕಾರವೇ ವಾದ್ಯವನ್ನು ಕೆಡಿಸಿತು. ಈಚಿನ ಪ್ರಜಾಪ್ರಭುತ್ವಗಳಲ್ಲಿ ಸೈನಿಕರು ಬಾಗಿಲು ಕಾಯುವದಿಲ್ಲ. ಆದರೆ ಮತವನ್ನು ಬೇಡುವ ಬಗೆಗಳಲ್ಲಿ ವಾದ್ಯವೂ ಒಂದಾಗಿದೆ. ೧೯೯೨ರ ಚುನಾವಣೆಯ ಕಾಲದಲ್ಲಿ ಅಮೇರಿಕದ ಬಿಲ್ ಕ್ಲಿಂಟನ್ನನು ದೂರದರ್ಶನದಲ್ಲಿ ಸ್ಯಾಕ್ಸೊಫೋನ್ ಊದಿದ್ದು ಲೋಕಪ್ರಸಿದ್ಧ. ಅದು ಅಪರಾಧವಲ್ಲ. ಆದರೆ ಸಭೆಯ ಮುಂದೆ ನುಡಿಸುವದು ಒಂದು, ಗುರುವಿನ ಮುಂದೆ ನುಡಿಸುವದು ಇನ್ನೊಂದು. ಇಲ್ಲಿ ಹೇಳುತ್ತಿರುವ ಗುಣವು ಎರಡನೆಯದರಲ್ಲಿ ಮಾತ್ರ ಉಂಟು.

ಹಾಗಾದರೆ ಗುರುವಿನ ಮುಂದೆ ಕುಳಿತು ಕಲಿತ ಅರಸನು ಒಳ್ಳೆಯ ಅರಸನಾಗುವನೇ? ಇಲ್ಲಿ ಅವಸರದ ಉತ್ತರವನ್ನು ಕೊಡಬಾರದು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನು (ಆಳ್ವಿಕೆ ೧೫೮೦–೧೬೨೭) ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದನು, ರಾಗಗಳಿಗೆ ಹೊಂದಿಸಿದ ಕಿತಾಬ್-ಎ-ನೌರಸ್ ಎಂಬ ಗೀತಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದನು, ಜಗದ್ಗುರುವೆಂದು ಕರೆಯಿಸಿಕೊಂಡನು. ಸಗರನಾಡಿನ ಈ ಸೀಮೆಯೂ ಆ ರಾಜ್ಯದ ಅಂಗವಾಗಿತ್ತು. ಕಲಾವಿದರಿಗೆಂದು ಅವನು ೧೫೯೯ರಲ್ಲಿ ಕಟ್ಟತೊಡಗಿದ ನೌರಸಪುರವನ್ನು ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಹಾಳುಗೆಡವಿತು. ತಂಬೂರವು ಅವನ ಮತಸಹಿಷ್ಣುತೆಗೆ ಇಂಬಾಗಿರಬಹುದು; ಕೋಟೆಯ ಗೋಡೆಗಂತೂ ಇಂಬಾಗಲಿಲ್ಲ.

ಮೈಸೂರಿನ ದೃಷ್ಟಾಂತವೂ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲಾರದು. ಕೃತಿಗಳು ಹುಟ್ಟುತ್ತಿದ್ದ ಅದೇ ದಶಕದಲ್ಲಿ ಪ್ರಜೆಗಳು ಜವಾಬ್ದಾರಿ ಸರಕಾರವನ್ನು ಕೇಳುತ್ತಿದ್ದರು. ೧೯೪೭ರಲ್ಲಿ 'ಮೈಸೂರು ಚಲೋ' ಚಳವಳಿಯು ನಡೆದು, ಅಕ್ಟೋಬರ ತಿಂಗಳಲ್ಲಿ ಮಹಾರಾಜರು ಆ ಬೇಡಿಕೆಗೆ ಒಪ್ಪಿದರು. ಮುಂದೆ ರಾಜಪ್ರಮುಖರಾಗಿಯೂ, ೧೯೫೬ರಿಂದ ರಾಜ್ಯಪಾಲರಾಗಿಯೂ ಇದ್ದರು. ಕೃತಿಗಳು ಮಧುರವಾಗಿವೆಯೆಂದು ಅಂದಿನ ಸತ್ಯಾಗ್ರಹಿಗಳ ದೂರು ಸುಳ್ಳಾಗುವದಿಲ್ಲ. ದೂರು ನಿಜವಾಗಿತ್ತೆಂದು ಕೃತಿಗಳ ಸ್ವರ ಕೆಡುವದೂ ಇಲ್ಲ. ಆಗ ಈ ಭಾಗವನ್ನು ಆಳುತ್ತಿದ್ದ ನಿಜಾಮನೂ ಉರ್ದು ಪಾರಸಿಗಳಲ್ಲಿ ಕವಿತೆಗಳನ್ನು ಬರೆದವನೇ. ರಜಾಕಾರರ ಹಾವಳಿಯನ್ನು ಕಂಡ ಊರುಗಳಿಗೆ ಆ ಕವಿತೆಗಳಿಂದ ಯಾವ ಸಮಾಧಾನವೂ ದೊರೆಯಲಿಲ್ಲ. ಇನ್ನೊಂದು ಕಡೆಗೆ, ೧೮೫೬ರಲ್ಲಿ ಅವಧದ ನವಾಬ ವಾಜಿದ್ ಅಲಿ ಶಹನನ್ನು ಪಟ್ಟದಿಂದಿಳಿಸುವಾಗ ಇಂಗ್ಲಿಷರು ಅವನ ಗಾನಪ್ರೀತಿಯನ್ನೇ ಅವನ ಮೇಲಿನ ಆರೋಪಕ್ಕೆ ಬಳಸಿಕೊಂಡರು. ಸಂಗೀತವನ್ನು ತೋರಿಸಿ ಅರಸನನ್ನು ಹೊಗಳುವದೂ ಸಲ್ಲದು, ಸಂಗೀತವನ್ನು ತೋರಿಸಿ ಅರಸನ ರಾಜ್ಯವನ್ನು ನುಂಗುವದೂ ಸಲ್ಲದು.

ಹೀಗೆ ಸತ್ಯವನ್ನು ಒಪ್ಪಿಕೊಳ್ಳಬೇಕಾಗಿದೆ. ತಂತಿಯ ಅಪಸ್ವರವನ್ನು ಹಿಡಿಯಬಲ್ಲ ಕಿವಿಯು ಬಡವನ ಅಳಲನ್ನೂ ಹಿಡಿಯುವದೆಂಬ ನಿಯಮವಿಲ್ಲ. ಒಂದರಿಂದ ಇನ್ನೊಂದಕ್ಕೆ ಸೇತುವೆಯು ತಾನಾಗಿ ಕಟ್ಟಿಕೊಳ್ಳುವದಿಲ್ಲ. ಅದನ್ನು ಮನುಷ್ಯನೇ ಕಟ್ಟಬೇಕು. ವಾದ್ಯಾಭ್ಯಾಸವು ಕೊಡುವದು ಒಂದು ರೂಢಿಯನ್ನು ಮಾತ್ರ: ತಪ್ಪಿದ ಕೂಡಲೇ ನಿಲ್ಲುವದು, ತಪ್ಪಿಗೆ ಪಕ್ಕವಾದ್ಯದವನನ್ನು ಬೈಯದಿರುವದು, ಮೊದಲಿನಿಂದ ಹಿಡಿಯುವದು. ಈ ರೂಢಿಯನ್ನು ಪಾಠದ ಚಾಪೆಯ ಮೇಲೆಯೇ ಬಿಟ್ಟು ಕಚೇರಿಗೆ ಹೋಗುವವನು ವೈಣಿಕನಾಗಬಹುದು, ನ್ಯಾಯವಂತನಾಗಲಾರನು. ಅದನ್ನು ಜೊತೆಗೆ ಒಯ್ಯುವವನಿಗೆ ಎಂದೂ ಒಂದು ರಾಗವೂ ಸರಿಯಾಗಿ ಒಲಿಯದಿದ್ದರೂ ಚಿಂತೆಯಿಲ್ಲ.

ಈ ರೂಢಿಯು ಸಂಗೀತದ ಸೊತ್ತಷ್ಟೇ ಅಲ್ಲವೆಂಬದಕ್ಕೆ ಸುರಪುರದಲ್ಲಿಯೇ ಒಂದು ನಿದರ್ಶನವಿದೆ. ೧೮೪೧ರಿಂದ ಹನ್ನೆರಡು ವರುಷಗಳ ಕಾಲ ಅಲ್ಲಿ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಹದಿನೈದರ ಹರೆಯದಲ್ಲಿಯೇ ಹಿಂದುಸ್ಥಾನಕ್ಕೆ ಬಂದವನು. ಭಾಷೆ, ಕಾಯಿದೆ, ಭೂಮಾಪನಗಳೆಲ್ಲವನ್ನೂ ಬೆಳೆದ ಮೇಲೆ ಸ್ವಂತ ಶ್ರಮದಿಂದ ಕಲಿತನು. ನಿವೃತ್ತನಾದ ತರುವಾಯ ೧೮೬೦ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗಾಗಿ ಹಿಂದುಸ್ಥಾನದ ವಾದ್ಯಗಳ ವಿವರಣೆಯನ್ನು ಬರೆದನು. ಅವನು ಪರರಾಜ್ಯದ ಅಧಿಕಾರಿಯೇ ಸರಿ. ಆದರೂ ಬಾಲಕರಾಜನಾದ ವೆಂಕಟಪ್ಪ ನಾಯಕನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಕಲಿಯುವದನ್ನು ನಿಲ್ಲಿಸದವನ ಹತ್ತಿರ ಜನರು ಭಯವಿಲ್ಲದೆ ಬರುವರು.

ಇಂದು ಅರಸರಿಲ್ಲ. ಆದರೆ ಆಳುವವರು ಬಹುಮಂದಿ ಇದ್ದಾರೆ. ಪಂಚಾಯತಿಯ ಸದಸ್ಯರು, ಕಚೇರಿಯ ಅಧಿಕಾರಿಗಳು, ಶಾಲೆಯ ಮುಖ್ಯೋಪಾಧ್ಯಾಯರು, ಮನೆಯ ಹಿರಿಯರು ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಮಾತು ನಡೆಯಿಸಿಕೊಳ್ಳುವವರೇ. ಇಂಥವರಿಗೆ ವೀಣೆಯೇ ಬೇಕೆಂದಿಲ್ಲ. ಕಡಕೋಳದ ಮಡಿವಾಳಪ್ಪ, ಚೆನ್ನೂರ ಜಲಾಲ ಸಾಹೇಬ ಮೊದಲಾದವರ ತತ್ತ್ವಪದಗಳನ್ನು ಏಕತಾರಿ, ದಮ್ಮಡಿಗಳೊಡನೆ ಹಾಡುವ ಭಜನೆಯು ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದು. ಆ ಪಂಕ್ತಿಯಲ್ಲಿ ತಾಳ ತಪ್ಪಿದವನು ಊರ ಗೌಡನಾದರೂ ತಪ್ಪಿದವನೇ. ಪಕ್ಕದಲ್ಲಿ ಕುಳಿತ ಕೂಲಿಯವನ ಕೈಯನ್ನು ನೋಡಿ ಅವನು ತನ್ನ ತಾಳವನ್ನು ತಿದ್ದಿಕೊಳ್ಳಬೇಕು. ಐವತ್ತು ದಾಟಿದ ಗೃಹಸ್ಥನೊಬ್ಬನು ತಂಬೂರಿಯ ಕಿವಿಯನ್ನು ತಿರುವಿ ಷಡ್ಜಕ್ಕಾಗಿ ಹುಡುಕುತ್ತ ಕುಳಿತದ್ದನ್ನು ಕಂಡು ಮನೆಯವರು ನಗಬಾರದು. ನಕ್ಕರೂ ಅವನು ಏಳಬಾರದು. ಅವನು ಸಂಗೀತವನ್ನು ಕಲಿಯುವನೋ ಬಿಡುವನೋ, ಮರುದಿನ ಸೊಸೆಯೋ ಜವಾನನೋ 'ತಾವು ಹೇಳಿದ್ದು ಸರಿಯಲ್ಲ' ಎಂದಾಗ, ಸಿಟ್ಟಾಗುವ ಮೊದಲು ಒಂದು ಕ್ಷಣ ಕಿವಿಗೊಟ್ಟು ಕೇಳಿದನಾದರೆ ಯಾಜ್ಞವಲ್ಕ್ಯನ ಮಾತು ಅವನ ಮಟ್ಟಿಗೆ ನಿಜವಾಯಿತೆಂದು ತಿಳಿಯಬೇಕು.