ಬಿಟ್ಟೂ ಬಿಡದೆ

ಒಂದು ಭಾನುವಾರ ಬೆಳಗ್ಗೆ ಅಕ್ಕನ ಮಗ ಬೆಂಗಳೂರಿನಿಂದ ಮೋಟಾರು ಸೈಕಲ್ಲಿನ ಮೇಲೆ ಮೈಸೂರಿನ ನಮ್ಮ ಮನೆಗೆ ಬಂದಿಳಿದವನು, “ಮಾವ, ಕಾಫಿ ಆಮೇಲೆ. ಮೊದಲು ಈ ಕ್ಲಚ್ಚಿಗೆ ಏನಾದರೂ ಮಾಡಬೇಕು” ಎಂದ. ಗಾಡಿ ಹೊರದೇಶದ್ದು, ಯಾರೋ ಓಡಿಸಿ ಸಾಕಾಗಿ ಮಾರಿದ್ದನ್ನು ಇವನು ಕೊಂಡಿದ್ದ. ಅದರ ಕಾಯಿಲೆ ವಿಚಿತ್ರವಾದದ್ದು. ಸಿಗ್ನಲ್ಲಿನಲ್ಲಿ ಎಡಗೈಯ ಹಿಡಿಯನ್ನು ಪೂರ್ತಿ ಅದುಮಿ ನಿಂತರೂ ಗಾಡಿ ನಿಲ್ಲದು. ಹಗ್ಗ ಜಗ್ಗುವ ಕರುವಿನ ಹಾಗೆ ಮುಂದಕ್ಕೆ ತೆವಳುತ್ತದೆ. ನಿಂತಲ್ಲಿ ನ್ಯೂಟ್ರಲ್ಲು ಸಿಕ್ಕುವುದಿಲ್ಲ. ಒಂದನೆಯ ಗೇರಿಗೆ ಹಾಕಿದರೆ ‘ಢಣ್’ ಎಂದು ಒದೆಯುತ್ತದೆ. “ಕ್ಲಚ್ ಹಿಡಿದಿದ್ದೇನೆ, ಆದರೆ ಅದು ಬಿಡುತ್ತಿಲ್ಲ” ಎಂದ ಹುಡುಗ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ! ನನಗೆ ಗಾಡಿಗಿಂತ ಆ ವಾಕ್ಯವೇ ಮುಖ್ಯವಾಗಿ ಕಂಡಿತು. ಹಿಡಿದರೆ ಬಿಡುವಂಥದು ಲೋಕದಲ್ಲಿ ಇನ್ನೇನಿದೆ?

ನಮ್ಮ ಬೀದಿಯ ಮೆಕ್ಯಾನಿಕ್ಕನ್ನು ಕರೆಸಿದೆವು. ಅರವತ್ತು ದಾಟಿದ ಮನುಷ್ಯ, ಮಾತು ಕಡಮೆ. ಅವರು ಕೆಲಸ ಮಾಡುತ್ತ ಹೇಳಿದ್ದರಿಂದಲೂ ಹುಡುಗ ನಡುನಡುವೆ ವಿವರಿಸಿದ್ದರಿಂದಲೂ ನಾನು ತಿಳಿದದ್ದಿಷ್ಟು. ಎಂಜಿನ್ನಿನ ತಿರುಗಣೆಯನ್ನು ಗೇರುಪೆಟ್ಟಿಗೆಗೆ ಒಪ್ಪಿಸುವುದು ಒಂದರ ಮೇಲೊಂದು ಒತ್ತಿ ಕೂತ ಪ್ಲೇಟುಗಳು. ಅವನ್ನು ಒತ್ತಿ ಹಿಡಿದಿರುವುದು ಸ್ಪ್ರಿಂಗು. ನಾವು ಹಿಡಿ ಅದುಮಿದಾಗ ಆ ಒತ್ತು ಒಂದೆರಡು ಮಿಲಿಮೀಟರಿನಷ್ಟು ಸರಿದು ಪ್ಲೇಟುಗಳು ಬೇರೆಯಾಗುತ್ತವೆ. ನಮ್ಮ ಕಾಲದ ಗಾಡಿಗಳಲ್ಲಿ ಈ ಕೆಲಸವನ್ನು ಉಕ್ಕಿನ ತಂತಿ ಮಾಡುತ್ತಿತ್ತು; ಸಡಿಲವಾದರೆ ತಿರುಪು ಬಿಗಿದರಾಯಿತು. ಈ ಗಾಡಿಯಲ್ಲಿ ತಂತಿಯ ಬದಲು ಎಣ್ಣೆ. ಮೇಲಿನ ಪಿಸ್ಟನ್ನು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಕೆಳಗಿನ ಪಿಸ್ಟನ್ನನ್ನು ಒತ್ತುತ್ತದೆ, ಅದು ಒಂದು ಸಲಾಕೆಯ ಮೂಲಕ ಪ್ಲೇಟನ್ನು ಸರಿಸುತ್ತದೆ. ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಕುಂದದೆ ಮುಟ್ಟುತ್ತದೆಂದು ಹೇಳಿದವನು ಫ್ರಾನ್ಸಿನ ಪಾಸ್ಕಲ್. ಅವನ ಆ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, ೧೬೬೩ರಲ್ಲಿ. ದೇವರು, ಮನುಷ್ಯನ ಅಹಂಕಾರ ಇವುಗಳನ್ನು ಕುರಿತು ರಾತ್ರಿಯೆಲ್ಲ ಯೋಚಿಸಿದವನೂ ಅವನೇ ಎಂಬುದು ಯಾಕೋ ಆಗ ನೆನಪಾಯಿತು.

ಮೆಕ್ಯಾನಿಕ್ಕು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯಲ್ಲಿನ ತೇವವನ್ನು ಹೀರುವ ಜಾತಿಯದಂತೆ. ಎಲ್ಲ ಗಾಡಿಗೂ ಅದೇ ಎಣ್ಣೆಯೂ ಅಲ್ಲ. ಕೆಲವಕ್ಕೆ ಬೇರೆ, ಖನಿಜದ ಎಣ್ಣೆ. ಒಂದರ ಜಾಗಕ್ಕೆ ಇನ್ನೊಂದನ್ನು ಹುಯ್ದರೆ ಒಳಗಿನ ರಬ್ಬರು ಕೆಡುತ್ತದೆ. ಮುಚ್ಚಳದ ಮೇಲಿನ ಅಕ್ಷರವನ್ನು ಅವರು ಹುಡುಗನಿಂದ ಎರಡು ಸಲ ಓದಿಸಿದರು. ಎಲ್ಲೂ ಸೋರಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ, “ಏರ್ ಹಿಡಿದಿದೆ ಮೇಷ್ಟ್ರೇ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹುಡುಗ ಹಿಡಿ ಒತ್ತಿದ ಬಲವೆಲ್ಲ ಗಾಳಿಗುಳ್ಳೆಯನ್ನು ಹಿಸುಕುವುದಕ್ಕೇ ಹೋಗುತ್ತಿದೆ” ಎಂದರು.

ಆ ಮಾತು ನನ್ನನ್ನು ಅಲ್ಲಿಯೇ ಕೂರಿಸಿತು. ಕಾರಣ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ತೀರ್ಥಹಳ್ಳಿಯ ಕಡೆಯ ನಮ್ಮ ತಂದೆಯ ಮನೆಯಲ್ಲಿ ನನಗಿದ್ದ ಪಾಲನ್ನು ನಾನು ಅಕ್ಕನಿಗೆ ಬಿಟ್ಟುಕೊಟ್ಟೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕನ್ನು ಕರ್ನಾಟಕ ೧೯೯೪ರಲ್ಲಿ ಕೊಟ್ಟಿತು, ದೇಶವೆಲ್ಲ ೨೦೦೫ರಲ್ಲಿ ಒಪ್ಪಿತು. ಆದರೂ ನಮ್ಮಲ್ಲಿ ನಡೆಯುವುದೇನೆಂಬುದು ಎಲ್ಲರಿಗೂ ಗೊತ್ತು: ಅಕ್ಕತಂಗಿಯರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊ ಸಹಿಯೊ ಹಾಕಿಸಿ, ಹೋಟೆಲಿನಲ್ಲಿ ಊಟ ಹಾಕಿಸಿ, ಒಂದು ಸೀರೆ ಕೊಟ್ಟು ಕಳಿಸುವುದು. ನಾನು ತಿರುಗುಮುರುಗು ಮಾಡಿದೆ. ವಿಧವೆಯಾದ ಅಕ್ಕ ಅಲ್ಲಿಯೇ ಇದ್ದಾಳೆ, ನನಗೆ ಸಂಬಳವಿದೆ ಎಂದು ನಾನೇ ನೋಂದಣಿ ಕಚೇರಿಗೆ ಹೋಗಿ ಸಹಿ ಮಾಡಿ ಬಂದೆ. ಕಾಲೇಜಿನಲ್ಲಿ ನಾಲ್ಕು ಜನ ಮೆಚ್ಚಿದರು. ಮೆಚ್ಚುವಂತೆ ನಾನೂ ನಾಲ್ಕು ಜನಕ್ಕೆ ಹೇಳಿದ್ದೆ ಎನ್ನುವುದು ಬೇರೆ ಮಾತು.

ಆ ಮೇಲಿನ ಕಥೆಯನ್ನು ಯಾರಿಗೂ ಹೇಳಿಲ್ಲ. ಅಕ್ಕ ಜಗುಲಿಗೆ ಟೈಲ್ಸು ಹಾಕಿಸುತ್ತೇನೆಂದಾಗ ‘ಅಪ್ಪ ಕೂರುತ್ತಿದ್ದ ಕೆಂಪು ಗಾರೆ’ ಎಂದು ಫೋನಿನಲ್ಲಿ ನಿಟ್ಟುಸಿರಿಟ್ಟೆ, ಟೈಲ್ಸು ನಿಂತಿತು. ಹಿತ್ತಲ ಹಲಸಿನ ಮರದ ಬೇರು ಬಚ್ಚಲ ಗೋಡೆಯನ್ನು ಎತ್ತಿ ಬಿರುಕು ಬಿಡಿಸಿದೆ, ಕಡಿಸಲೇ ಎಂದಳು. ‘ನಿನ್ನ ಮನೆ, ನಿನ್ನಿಷ್ಟ’ ಎಂದೆ. ಎಂದ ದನಿ ಎಂಥದೆಂದರೆ ಎರಡು ಮಳೆಗಾಲ ಕಳೆದರೂ ಮರ ನಿಂತಿದೆ, ಬಿರುಕು ಬೆಳೆದಿದೆ, ಅಕ್ಕ ಸೋರುವ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದಾಳೆ. ಕಾಗದದ ಪ್ರಕಾರ ಹಿಡಿಯನ್ನು ಪೂರ್ತಿ ಅದುಮಿದ್ದೇನೆ. ಪ್ಲೇಟು ಬಿಟ್ಟಿಲ್ಲ.

ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಹೀಗೆ ಕೊಡುವುದಕ್ಕಿಂತ ಕೊಡದೆ ಇರುವುದೇ ಪ್ರಾಮಾಣಿಕವಲ್ಲವೆ? ಪಾಲು ಇಟ್ಟುಕೊಂಡಿದ್ದರೆ ಅಕ್ಕ ನನ್ನೊಡನೆ ಜಗಳವಾಡಬಹುದಾಗಿತ್ತು. ಈಗ ಅವಳಿಗೆ ಆ ಹಕ್ಕೂ ಇಲ್ಲ. ಉಪಕಾರಿಯೊಡನೆ ಯಾರು ಜಗಳವಾಡುತ್ತಾರೆ? ನಾನು ಬಿಟ್ಟದ್ದು ಅರ್ಧ ಮನೆ, ಹಿಡಿದುಕೊಂಡದ್ದು ಇಡೀ ಮನೆ.

ಬಾಹುಬಲಿಯ ಕಥೆಯನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಪಂಪ ೯೪೧ರಲ್ಲಿ ‘ಆದಿಪುರಾಣ’ ಬರೆದ. ಬೆಳ್ಗೊಳದ ಬೆಟ್ಟದ ಮೇಲೆ ಅದೇ ಶತಮಾನದಲ್ಲಿ ವಿಗ್ರಹ ಎದ್ದಿತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಬಾಹುಬಲಿ ವರ್ಷಕಾಲ ನಿಂತ, ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಆದರೂ ಜ್ಞಾನ ಬರಲಿಲ್ಲ. ಜನ ಹೇಳುವ ಕಥೆಯಲ್ಲಿ ಅದಕ್ಕೆ ಕಾರಣ ಒಂದೇ ಒಂದು ಅಳುಕು: ‘ನಾನು ನಿಂತಿರುವುದು ಭರತನ ನೆಲದ ಮೇಲೆ.’ ರಾಜ್ಯ, ಬಟ್ಟೆ, ಅನ್ನ ಎಲ್ಲ ಬಿಟ್ಟವನಲ್ಲಿ ಅಷ್ಟು ಚಿಕ್ಕದೊಂದು ಗುಳ್ಳೆ. ಹೊರಗಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಈ ಭಾಗ ಬಂದಾಗಲೆಲ್ಲ ನಾನು ಬಾಹುಬಲಿಯ ಅಭಿಮಾನವನ್ನೇ ವಿವರಿಸುತ್ತಿದ್ದೆ. ಅದು ಕಳೆದದ್ದು ಹೇಗೆಂಬುದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಅದು ಅವನ ತಪಸ್ಸಿನ ಬಲದಿಂದ ಕಳೆಯಲಿಲ್ಲ. ಭರತನೇ ಬಂದು ಕಾಲಿಗೆರಗಿದಾಗ ಕಳೆಯಿತು. ಪಡೆದವನು ಬರಬೇಕಾಯಿತು.

ಪೂರ್ತಿ ಬಿಡುವುದೇ ಶ್ರೇಷ್ಠವೆಂದು ವಾದಿಸುವ ಮನಸ್ಸು ನನಗಿಲ್ಲ. ಸದಾ ಬಿಟ್ಟುಕೊಂಡಿರುವ ಕ್ಲಚ್ಚಿನ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಏರಿನಲ್ಲಿ ಗಾಡಿ ಎತ್ತಲು ‘ಹಾಫ್ ಕ್ಲಚ್’ ಬೇಕೇ ಬೇಕು. ತಾಯಿಯಾದವಳು ಮದುವೆಯಾದ ಮಗನನ್ನು ಬಿಡುವುದು, ಮೇಷ್ಟ್ರು ಶಿಷ್ಯನನ್ನು ಬಿಡುವುದು ಹಾಗೆ ಅರ್ಧರ್ಧವಾಗಿಯೇ. ಆದರೆ ಅಲ್ಲಿ ಎಷ್ಟು ಹಿಡಿದಿದ್ದೇವೆಂದು ಕೈಗೆ ಗೊತ್ತಿರುತ್ತದೆ. ನನ್ನ ಕೈಗೆ ಗೊತ್ತಿರಲಿಲ್ಲ. ನಾನು ಪೂರ್ತಿ ಬಿಟ್ಟಿದ್ದೇನೆಂದೇ ನಂಬಿದ್ದೆ.

ಮೆಕ್ಯಾನಿಕ್ಕು ಟ್ಯಾಂಕಿನ ಬಣ್ಣ ಕೆಡದಿರಲೆಂದು ಒದ್ದೆ ಬಟ್ಟೆ ಹೊದಿಸಿದರು. ಕೆಳಗಿನ ಸಣ್ಣ ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಶೀಸೆಯೊಳಗಿಟ್ಟರು. ಹುಡುಗ ಹಿಡಿ ಅದುಮಿ ಹಿಡಿಯುವುದು, ಇವರು ತಿರುಪು ಸಡಿಲಿಸುವುದು, ಎಣ್ಣೆಯೊಡನೆ ಗುಳ್ಳೆ ಬರುವುದು, ತಿರುಪು ಬಿಗಿಯುವುದು, ಆಮೇಲೆ ಹಿಡಿ ಬಿಡುವುದು. ಹುಡುಗ ಒಮ್ಮೆ ಅವಸರಪಟ್ಟು ಮೊದಲೇ ಬಿಟ್ಟ; ಹೊರಟ ಗಾಳಿಯೆಲ್ಲ ಮತ್ತೆ ಒಳಗೆ ಹೋಯಿತು. ಬೈಗುಳ ತಿಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಮೇಲಿನ ಡಬ್ಬಿ ಬರಿದಾಗದಂತೆ ಹೊಸ ಎಣ್ಣೆ ಹುಯ್ಯುವ ಕೆಲಸ ನನ್ನದಾಗಿತ್ತು. ಮಧ್ಯಾಹ್ನವಾದರೂ ಹಿಡಿ ಇನ್ನೂ ಕೊಂಚ ಮೆತ್ತಗಿತ್ತು. ಹಿಡಿಯನ್ನು ರಾತ್ರಿಯಿಡೀ ಅದುಮಿ ಕಟ್ಟಿಡಿ, ಉಳಿದದ್ದು ತಾನಾಗಿ ಮೇಲೆ ಬರುತ್ತದೆ, ಆಗಲೂ ಬಿಡದಿದ್ದರೆ ಪ್ಲೇಟು ಬಿಚ್ಚಿ ನೋಡೋಣ ಎಂದು ಹೇಳಿ ಅವರು ಹೋದರು. ನನ್ನ ಹಳೆಯ ಪಂಚೆಯ ಅಂಚಿನಿಂದ ಕಟ್ಟಿದೆವು.

ಬೆಳಗ್ಗೆ ಹಿಡಿ ಗಟ್ಟಿಯಾಗಿತ್ತು. ಅದುಮಿದರೆ ಗಾಡಿ ನಿಂತಲ್ಲೇ ನಿಂತಿತು. ನ್ಯೂಟ್ರಲ್ಲಿನ ಹಸುರು ದೀಪ ಒಂದೇ ಸಲಕ್ಕೆ ಹತ್ತಿತು. ಹುಡುಗ ಹೊರಡುವಾಗ ಹೆಲ್ಮೆಟ್ಟು ಹಾಕಿಕೊಳ್ಳುತ್ತ, “ಅಮ್ಮ ಹಲಸಿನ ಮರದ ವಿಷಯ ಇನ್ನೊಂದು ಸಲ ಮಾವನ್ನ ಕೇಳು ಅಂದಿದ್ದಳು” ಎಂದ. ‘ನನ್ನನ್ನು ಯಾಕೆ ಕೇಳುತ್ತೀರಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದೂ ಗುಳ್ಳೆಯೇ ಎಂದು ನುಂಗಿಕೊಂಡೆ.

ಅವನು ಹೋದ ಮೇಲೆ ನಾನೇ ಫೋನು ಮಾಡಿದೆ. “ಅಕ್ಕ, ಮಳೆ ಬಲವಾಗುವ ಮೊದಲು ಮರ ಕಡಿಸು. ಬಚ್ಚಲು ಮೊದಲು ರಿಪೇರಿಯಾಗಲಿ.”

“ಸಿಟ್ಟೇನೋ ಮಾರಾಯ?”

“ಇಲ್ಲ. ಇಷ್ಟು ದಿನ ಇತ್ತು, ನನಗೇ ಗೊತ್ತಿರಲಿಲ್ಲ.”

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮರ ಒಳ್ಳೆ ಬಲಿತದ್ದು. ನಿನಗೊಂದು ಬರೆಯುವ ಮೇಜು ಮಾಡಿಸಿ ಕಳಿಸಲಾ?” ಎಂದಳು. ಬೇಡ ಎನ್ನುವುದು ಹಿರಿತನವೋ, ಹೂಂ ಎನ್ನುವುದು ಹಿರಿತನವೋ ಹೊಳೆಯದೆ, ನಾಳೆ ಹೇಳುತ್ತೇನೆ ಎಂದು ಫೋನು ಇಟ್ಟೆ.